ಮನೆ ನೋಡಲು ಹೋದಾಗ ಖಾಲಿ ಮಾಡುವವರನ್ನು ಮಾತಾಡಿಸಿ

ನನ್ನ ತಮ್ಮನ ಮಗನಿಗೆ ವೈಟ್‌ಫೀಲ್ಡ್ ಕಡೆ ಕೆಲಸ ಸಿಕ್ಕಿದೆ. ಹೊಸದಾಗಿ ಮದುವೆಯಾದ ಹುಡುಗ. ಕುಂದಾಪುರದಲ್ಲಿ ಕೂತೇ ಬೆಂಗಳೂರಿನ ಬಾಡಿಗೆ ಮನೆಗಳ ಫೋಟೋ ನೋಡಿ ನನಗೆ ವಾಟ್ಸಾಪ್ ಮಾಡುತ್ತಾನೆ. "ಅತ್ತೆ, ಇದು ಹೇಗೆ? ಅದು ಹೇಗೆ?" ಫೋಟೋದಲ್ಲಿ ಎಲ್ಲ ಮನೆಯೂ ಚೆನ್ನಾಗಿಯೇ ಇರುತ್ತದೆ ಮಾರಾಯ. ಬಿಳಿ ಟೈಲ್ಸ್, ಕಂದು ವಾರ್ಡ್‌ರೋಬ್. ಮೂಲೆಯಲ್ಲಿ ನಿಂತು ಫೋಟೋ ತೆಗೆದರೆ ಹತ್ತಡಿ ರೂಮೂ ಕಲ್ಯಾಣ ಮಂಟಪದ ಹಾಗೆ ಕಾಣುತ್ತದೆ.

ನಾನು ಬೆಂಗಳೂರಿಗೆ ಬಂದು ಇಪ್ಪತ್ತು ವರ್ಷ ದಾಟಿದೆ. ಅಷ್ಟೂ ವರ್ಷ ಬಾಡಿಗೆ ಮನೆಯೇ. ವಿಜಯನಗರ, ಮೂಡಲಪಾಳ್ಯ, ನಾಗರಭಾವಿ ಅಂತ ಊರಿನ ಪಡುವಣ ಭಾಗದಲ್ಲೇ ಸುತ್ತಿದ್ದೇವೆ. ತಮ್ಮನ ಮಗನಿಗೆ ಫೋನಿನಲ್ಲಿ ಬಿಡಿಬಿಡಿಯಾಗಿ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಬೇರೆಯವರಿಗೂ ಬೇಕಾಗಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಮನೆಯ ಬಗ್ಗೆ ಓನರ್ ಹೇಳುವುದು ಅರ್ಧ, ಬ್ರೋಕರ್ ಹೇಳುವುದು ಕಾಲು. ಪೂರ್ತಿ ಗೊತ್ತಿರುವುದು ಈಗ ಆ ಮನೆ ಖಾಲಿ ಮಾಡುತ್ತಿರುವವರಿಗೆ. ಅವರನ್ನು ಮಾತಾಡಿಸದೆ ಟೋಕನ್, ಅಂದರೆ ಮನೆ ಹಿಡಿದಿಡಲು ಮೊದಲು ಕೊಡುವ ದುಡ್ಡು, ಕೊಡಬೇಡಿ.

ಬೆಂಗಳೂರಿನಲ್ಲಿ ಮನೆ ಪೂರ್ತಿ ಖಾಲಿಯಾಗುವ ತನಕ ಯಾರೂ ಕಾಯುವುದಿಲ್ಲ. ಇರುವವರು ನೋಟಿಸ್ ಕೊಟ್ಟ ಕೂಡಲೇ ಗೇಟಿಗೆ ಟು-ಲೆಟ್ ಬೋರ್ಡ್ ಬೀಳುತ್ತದೆ, ಆ್ಯಪ್‌ನಲ್ಲಿ ಫೋಟೋ ಬರುತ್ತದೆ. ನೀವು ನೋಡಲು ಹೋದಾಗ ಒಳಗೆ ಅವರ ಸಂಸಾರ ಇನ್ನೂ ನಡೆಯುತ್ತಿರುತ್ತದೆ. ಒಲೆ ಮೇಲೆ ಕುಕ್ಕರ್ ಇರುತ್ತದೆ, ಬಾಲ್ಕನಿಯಲ್ಲಿ ಬಟ್ಟೆ ಒಣಗುತ್ತಿರುತ್ತದೆ. ನಾವು ಸಂಕೋಚದಿಂದ ಒಂದು ಸುತ್ತು ಬಂದು, "ಥ್ಯಾಂಕ್ಸ್ ಮೇಡಂ" ಅಂತ ಹೇಳಿ ಹೊರಗೆ ಬಂದುಬಿಡುತ್ತೇವೆ. ಆ ಐದು ನಿಮಿಷ ಹಾಗೆ ಹಾಳು ಮಾಡಬಾರದು.

ಆದರೆ ಒಂದು ತೊಡಕು ಇದೆ. ಸಾಮಾನ್ಯವಾಗಿ ಅವರ ಅಡ್ವಾನ್ಸ್ ವಾಪಸ್ ಬರುವುದೇ ನೀವು ಕೊಡುವ ಅಡ್ವಾನ್ಸ್‌ನಿಂದ. ಹಾಗಾಗಿ ಓನರ್ ಪಕ್ಕದಲ್ಲಿ ನಿಂತಿದ್ದರೆ ಅವರು ಬಾಯಿ ಬಿಡುವುದಿಲ್ಲ. ನೀವು ಬೇಗ ಬಂದು ಸೇರಿಕೊಂಡರೆ ಅವರಿಗೂ ಒಳ್ಳೆಯದು ತಾನೇ. ಅದಕ್ಕೇ ಅವರ ಫೋನ್ ನಂಬರ್ ತಗೊಳ್ಳಿ. "ಗ್ಯಾಸ್, ಇಂಟರ್ನೆಟ್ ಬಗ್ಗೆ ಕೇಳ್ಬೇಕಿತ್ತು" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. ಸಂಜೆ ಫೋನ್ ಮಾಡಿ.

ಕೇಳುವುದಕ್ಕೂ ಒಂದು ರೀತಿ ಇದೆ. "ನೀರು ಚೆನ್ನಾಗಿ ಬರುತ್ತಾ?" ಅಂತ ಕೇಳಿದರೆ "ಹೂಂ, ಬರುತ್ತೆ" ಅನ್ನುತ್ತಾರೆ. "ಹೋದ ಏಪ್ರಿಲ್‌ನಲ್ಲಿ ವಾರಕ್ಕೆ ಎಷ್ಟು ಟ್ಯಾಂಕರ್ ಹಾಕಿಸ್ತಿದ್ರು?" ಅಂತ ಕೇಳಿ ನೋಡಿ. ಲೆಕ್ಕ ಕೇಳಿದರೆ ಸುಳ್ಳು ಅಷ್ಟು ಸುಲಭಕ್ಕೆ ಬರುವುದಿಲ್ಲ. ಕರೆಂಟ್ ಬಿಲ್ ಎಷ್ಟು, ಮೇಂಟೆನೆನ್ಸ್ ಎಷ್ಟು, ಹೋದ ವರ್ಷ ಬಾಡಿಗೆ ಎಷ್ಟು ಏರಿಸಿದರು ಅಂತಲೂ ಲೆಕ್ಕವನ್ನೇ ಕೇಳಿ. ಯಾಕೆ ಬಿಡುತ್ತಿದ್ದೀರಿ ಅನ್ನುವುದನ್ನು ಕೊನೆಗೆ ಕೇಳಿ. ಹೆಚ್ಚಿನವರು "ಆಫೀಸ್ ದೂರ ಆಯ್ತು" ಅನ್ನುತ್ತಾರೆ. ಅದು ನಿಜವೂ ಇರಬಹುದು. ಹೊಸ ಮನೆ ಎಲ್ಲಿ ಅಂತ ಕೇಳಿ. ಅದೇ ರಸ್ತೆಯ ಮುಂದಿನ ಕ್ರಾಸ್‌ಗೇ ಹೋಗುತ್ತಿದ್ದರೆ ವಿಷಯ ಆಫೀಸ್ ಅಲ್ಲ.

ನಾಗರಭಾವಿಯಲ್ಲಿ ಒಂದು ಮನೆ ನೋಡಲು ಹೋಗಿದ್ದೆವು. ಎರಡನೇ ಮಹಡಿ, ಒಳ್ಳೆ ಗಾಳಿ ಬೆಳಕು. ಓನರ್ ಹಾಲ್‌ನಲ್ಲಿ ನಿಂತು ನನ್ನ ಗಂಡನಿಗೆ "ಪೂರ್ತಿ ಕಾವೇರಿ ಸರ್, ಬೋರ್ ನೀರು ಮುಟ್ಟೋದೇ ಇಲ್ಲ" ಅಂತ ಹೇಳುತ್ತಿದ್ದರು. ನಾನು ಅಡುಗೆಮನೆ ಕಡೆ ಹೋದೆ. ಅಲ್ಲಿದ್ದ ಹೆಂಗಸು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತಿ ಡಬ್ಬಕ್ಕೆ ತುಂಬುತ್ತಿದ್ದರು. ನನ್ನನ್ನು ಒಮ್ಮೆ ನೋಡಿದರು. ಮಾತಾಡಲಿಲ್ಲ. ಸಿಂಕ್ ಕೆಳಗಿದ್ದ ಸ್ಟೀಲ್ ಬಕೆಟ್ ಎತ್ತಿ ಒಳಭಾಗ ನನ್ನ ಕಡೆ ತಿರುಗಿಸಿ ಹಿಡಿದರು. ತಳದಿಂದ ಅರ್ಧದ ತನಕ ಸುಣ್ಣ ಬಳಿದಂತೆ ಬೆಳ್ಳಗೆ ಪದರ ಕಟ್ಟಿತ್ತು. ಉಗುರಿನಲ್ಲಿ ಕೆರೆದರೂ ಬರುವಂಥದ್ದಲ್ಲ. ಬಕೆಟ್ ಕೆಳಗಿಟ್ಟು ಮತ್ತೆ ಲೋಟ ಸುತ್ತತೊಡಗಿದರು. ನಾವು ಆ ಮನೆ ತೆಗೆದುಕೊಳ್ಳಲಿಲ್ಲ.

ಎಲ್ಲರೂ ಹಾಗೆ ಬಕೆಟ್ ತೋರಿಸುವುದಿಲ್ಲ. ನೀವೇ ನೋಡಬೇಕು. ಬಾತ್‌ರೂಮಿನ ನಲ್ಲಿಯ ಬುಡ, ಶವರ್‌ನ ತೂತು, ಕಮೋಡ್ ಒಳಗಿನ ಗೆರೆ, ಈ ಮೂರು ಕಡೆ ಬೋರ್ ನೀರಿನ ಜಾತಕ ಇರುತ್ತದೆ. ನಾನು ಸುಮ್ನೆ "ಕೈ ತೊಳ್ಕೊಳ್ಳಲಾ?" ಅಂತ ಕೇಳಿ ಸೋಪು ಹಾಕಿ ನೋಡುತ್ತೇನೆ. ಗಡಸು ನೀರಿಗೆ ನೊರೆ ಏಳುವುದಿಲ್ಲ. ಅಂಥ ನೀರಿನ ಮನೆಯಲ್ಲಿ ಗೀಸರ್ ಕಾಯಿಲ್ ಬೇಗ ಹೋಗುತ್ತದೆ, ವಾಷಿಂಗ್ ಮಷೀನ್‌ಗೆ ಪೌಡರ್ ಜಾಸ್ತಿ ಬೇಕು, ಕುಡಿಯಲು ಫಿಲ್ಟರ್ ಇಲ್ಲವೇ ಕ್ಯಾನ್ ನೀರು ಬೇಕು. ಬಾಡಿಗೆ ಎರಡು ಸಾವಿರ ಕಡಿಮೆ ಅಂತ ಖುಷಿಪಡುವ ಮೊದಲು ಇದನ್ನೆಲ್ಲ ಕೂಡಿಸಿ.

ಇನ್ನು "ಕಾವೇರಿ ಕನೆಕ್ಷನ್ ಇದೆ" ಅಂದ ಮೇಲೂ ಕೇಳುವುದು ಬಾಕಿ ಇದೆ. ವಾರಕ್ಕೆ ಎಷ್ಟು ದಿನ ಬಿಡುತ್ತಾರೆ, ಎಷ್ಟು ಹೊತ್ತು? ಬಂದ ನೀರು ಬೋರ್ ನೀರಿನ ಜೊತೆ ಒಂದೇ ಸಂಪಿಗೆ ಬೀಳುತ್ತದಾ? ಅಡುಗೆಮನೆಗೆ ಬೇರೆ ಪೈಪ್ ಇದೆಯಾ? ಎಷ್ಟೋ ಕಟ್ಟಡಗಳಲ್ಲಿ ಎರಡೂ ನೀರು ಸಂಪಿನಲ್ಲಿ ಕಲೆತು ಟ್ಯಾಂಕಿಗೆ ಏರುತ್ತದೆ. ಆಗ ಕಾವೇರಿ ಬಿಲ್ಲಿನಲ್ಲಿ ಮಾತ್ರ ಉಳಿಯುತ್ತಾಳೆ.

ಮಗ ನೋಡುತ್ತಿರುವ ಮಹದೇವಪುರ, ವರ್ತೂರು ಕಡೆಯ ಕಥೆ ಇನ್ನೂ ಬೇರೆ. ಅಲ್ಲಿನ ಎಷ್ಟೋ ಬಡಾವಣೆಗಳು ವರ್ಷಗಟ್ಟಲೆ ಬೋರ್ ಮತ್ತು ಟ್ಯಾಂಕರ್ ನಂಬಿಕೊಂಡೇ ಬಂದವು. 2024ರ ಬೇಸಿಗೆಯಲ್ಲಿ ಬೋರ್‌ಗಳು ಬತ್ತಿ, ಟ್ಯಾಂಕರ್ ದರಕ್ಕೆ ಸರ್ಕಾರವೇ ಮಿತಿ ಹಾಕಬೇಕಾಯಿತು. ದೊಡ್ಡ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲೂ ಜನ ಹೊತ್ತು ನೋಡಿ ಸ್ನಾನ ಮಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ 5ನೇ ಹಂತ ಶುರುವಾಯಿತು. ಊರಂಚಿನ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ನೀರು ಕೊಡುವ ಯೋಜನೆ ಅದು. ಆದರೆ ರಸ್ತೆಯಲ್ಲಿ ಪೈಪ್ ಇದ್ದ ಮಾತ್ರಕ್ಕೆ ಕಟ್ಟಡದೊಳಗೆ ನೀರು ಬರುವುದಿಲ್ಲ. ಓನರ್ ಅಥವಾ ಅಸೋಸಿಯೇಷನ್ ದುಡ್ಡು ಕಟ್ಟಿ ಕನೆಕ್ಷನ್ ತಗೊಂಡಿರಬೇಕು. ಜಲಮಂಡಳಿಯ ಬಿಲ್ ಇದೆಯಾ ಅಂತ ಕೇಳಿ. ಬಿಲ್ ಇಲ್ಲದ ಕಾವೇರಿ ಬರೀ ಬಾಯಿಮಾತು. ಖಾಲಿ ಮಾಡುವವರು 2024ರಲ್ಲೂ ಅಲ್ಲೇ ಇದ್ದವರಾದರೆ, ಆ ಮಾರ್ಚ್ ಹೇಗೆ ಕಳೆಯಿತು ಅಂತ ಕೇಳಿದರೆ ಸಾಕು. ಮಿಕ್ಕಿದ್ದನ್ನು ಅವರೇ ಹೇಳುತ್ತಾರೆ.

ನೀರು ಜಾಸ್ತಿಯಾದಾಗಿನ ಪಾಡೂ ಇದೆ. ಬೇಸ್‌ಮೆಂಟ್ ಪಾರ್ಕಿಂಗ್ ಇದ್ದರೆ ಕೆಳಗೆ ಇಳಿದು ಗೋಡೆ ನೋಡಿ. ಮೊಣಕಾಲಿನ ಎತ್ತರದಲ್ಲಿ ಕಂದು ಗೆರೆ ಎಳೆದ ಹಾಗಿದ್ದರೆ ಅಲ್ಲಿ ನೀರು ನಿಂತಿತ್ತು ಅಂತ ಅರ್ಥ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆ, ಸರ್ಜಾಪುರ ರಸ್ತೆ ಕಡೆ ಟ್ರ್ಯಾಕ್ಟರ್ ಮೇಲೆ ಕೂತು ಆಫೀಸಿಗೆ ಹೋದವರನ್ನು ಟಿವಿಯಲ್ಲಿ ನೋಡಿದ್ದೀರಲ್ವಾ. ಹತ್ತಿರದಲ್ಲಿ ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆ, ಇದೆಯಾ ಅಂತ ಮ್ಯಾಪ್‌ನಲ್ಲಿ ನೋಡಿ, ಎದುರಿನ ಅಂಗಡಿಯವರನ್ನೂ ಕೇಳಿ. ಅಂಗಡಿಯವರಿಗೆ ನಿಮ್ಮಿಂದ ಅಡ್ವಾನ್ಸ್ ಬರಬೇಕಾಗಿಲ್ಲ. ನಿಜ ಹೇಳುತ್ತಾರೆ.

ಕರೆಂಟ್ ವಿಷಯ ಸಣ್ಣದು, ಆದರೆ ಪ್ರತಿ ತಿಂಗಳದ್ದು. ಮನೆಗೆ ಬೆಸ್ಕಾಂನ ಸ್ವಂತ ಮೀಟರ್ ಇದೆಯಾ, ಅಥವಾ ಇಡೀ ಕಟ್ಟಡಕ್ಕೆ ಒಂದೇ ಮೀಟರ್ ಇಟ್ಟು ಒಳಗೆ ಸಬ್ ಮೀಟರ್ ಹಾಕಿದ್ದಾರಾ ಅಂತ ನೋಡಿ. ಸಬ್ ಮೀಟರ್ ಆದರೆ ಯೂನಿಟ್‌ಗೆ ಓನರ್ ಹೇಳಿದ್ದೇ ರೇಟು. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ, ಆದರೆ ಅದಕ್ಕೆ ಮನೆಗೊಂದು ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನಲ್ಲಿರುವ ಕನೆಕ್ಷನ್ ನಂಬರ್) ಬೇಕು, ಅದನ್ನು ನಿಮ್ಮ ಆಧಾರ್‌ಗೆ ಜೋಡಿಸಬೇಕು. ಹಿಂದಿನವರು ತಮ್ಮ ಆಧಾರ್ ಡಿ-ಲಿಂಕ್ ಮಾಡಿಸದೆ ಹೋದರೆ ನಿಮ್ಮ ಅರ್ಜಿ ಅಲ್ಲೇ ನಿಲ್ಲುತ್ತದೆ. ಅವರ ಫೋನ್ ನಂಬರ್ ಇಟ್ಟುಕೊಳ್ಳಿ ಅಂದಿದ್ದು ಇದಕ್ಕೂ.

ಅಡ್ವಾನ್ಸ್ ಬಗ್ಗೆ ಮಗ ಗಾಬರಿಯಾಗಿದ್ದ. "ಹತ್ತು ತಿಂಗಳ ಬಾಡಿಗೆ ಮೊದಲೇ ಕೊಡ್ಬೇಕಂತೆ ಅತ್ತೆ!" ಹೌದು, ಬೆಂಗಳೂರಿನ ಹಳೇ ಪದ್ಧತಿ ಅದು. ಈಗ ಎಷ್ಟೋ ಕಡೆ ಐದಾರು ತಿಂಗಳಿಗೆ ಒಪ್ಪುತ್ತಾರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಅಡ್ವಾನ್ಸ್ ಬೇಡ ಅಂತ ಇದೆ. ಆದರೆ ಅದು ಹೆಸರೇ ಹೇಳುವಂತೆ ಮಾದರಿ. ಅದನ್ನು ಹಿಡಿದುಕೊಂಡು ಓನರ್ ಹತ್ತಿರ ವಾದ ಮಾಡಿದರೆ ಮನೆ ಸಿಗುವುದಿಲ್ಲ, ಅಷ್ಟೇ. ಚೌಕಾಸಿ ಮಾಡಿ. ಬಾಡಿಗೆ ಇಳಿಸದ ಓನರ್ ಕೂಡ ಅಡ್ವಾನ್ಸ್ ಇಳಿಸುತ್ತಾರೆ. ಕೊಡುವುದನ್ನು ಬ್ಯಾಂಕ್ ಮೂಲಕವೇ ಕೊಡಿ. ಕ್ಯಾಶ್ ಬೇಡ.

ಕೊಡುವುದಕ್ಕಿಂತ ವಾಪಸ್ ಬರುವುದು ಕಷ್ಟ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಇಲ್ಲಿ ರೂಢಿಯಾಗಿಬಿಟ್ಟಿದೆ. ನಾವು ಮೂಡಲಪಾಳ್ಯದ ಮನೆ ಬಿಟ್ಟಾಗ ಪೇಂಟಿಂಗ್ ಜೊತೆಗೆ "ಕ್ಲೀನಿಂಗ್", ಅದರ ಜೊತೆಗೆ ಬಾತ್‌ರೂಮ್ ಬಾಗಿಲ ಕೆಳಗೆ ಊದಿಕೊಂಡಿದ್ದಕ್ಕೆ ಇನ್ನಷ್ಟು ಹಿಡಿದರು. ಆ ಬಾಗಿಲು ನಾವು ಬರುವ ಮೊದಲೇ ಊದಿತ್ತು. ಆಮೇಲೆ ಅದೇ ಮನೆಗೆ ಬಂದವರು ಸಂತೆಯಲ್ಲಿ ಸಿಕ್ಕಾಗ ಗೊತ್ತಾಯಿತು, ಗೋಡೆಗೆ ಬ್ರಷ್ ಕೂಡ ಸೋಕಿಲ್ಲ, ಬಾಗಿಲೂ ಹಾಗೇ ಇದೆ. ಹಾಗಾಗಿ ಅಗ್ರಿಮೆಂಟ್‌ನಲ್ಲಿ ಬಿಡುವಾಗ ಏನೇನು ಹಿಡಿಯುತ್ತಾರೆ, ಎಷ್ಟು, ಅಡ್ವಾನ್ಸ್ ಎಷ್ಟು ದಿನದೊಳಗೆ ವಾಪಸ್ ಅನ್ನುವುದನ್ನು ಬರೆಸಿ. ಕೀ ಕೊಡುವ ದಿನವೇ ದುಡ್ಡು ಅಂತ ಬರೆಸಿಕೊಳ್ಳಲು ಆದರೆ ಬಹಳ ಒಳ್ಳೆಯದು.

ಅಗ್ರಿಮೆಂಟ್ 11 ತಿಂಗಳಿಗೆ ಯಾಕೆ ಅಂತ ಅವನು ಕೇಳಿದ. 1908ರ ನೋಂದಣಿ ಕಾಯ್ದೆ ಪ್ರಕಾರ ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಬಾಡಿಗೆ ಕರಾರು ಮಾಡಿದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಲೇಬೇಕು. ಆ ಓಡಾಟ, ಖರ್ಚು ಬೇಡ ಅಂತ 11 ತಿಂಗಳಿಗೆ ನಿಲ್ಲಿಸುತ್ತಾರೆ. ಅದರಲ್ಲಿ ಮೋಸ ಏನಿಲ್ಲ. ಆದರೆ 11 ತಿಂಗಳಾದ ಮೇಲೆ ಎಷ್ಟು ಏರಿಸುತ್ತಾರೆ ಅನ್ನುವುದು ಕಾಗದದಲ್ಲಿ ಇರಲಿ. ಹೆಚ್ಚಿನ ಕಡೆ ನೂರಕ್ಕೆ ಐದು ಅಂತ ಬರೆಯುತ್ತಾರೆ. "ಆಗ ನೋಡೋಣ ಬಿಡಿ" ಅನ್ನುವ ಓನರ್‌ಗೆ ಐದು ಸಾಲುವುದಿಲ್ಲ.

ಇನ್ನೊಂದು: ಹಳೇ ತೆರಿಗೆ ಪದ್ಧತಿಯಲ್ಲಿ ಇದ್ದುಕೊಂಡು ಎಚ್‌ಆರ್‌ಎ (ಸಂಬಳದ ಜೊತೆ ಬರುವ ಮನೆ ಬಾಡಿಗೆ ಭತ್ಯೆ) ವಿನಾಯಿತಿ ತಗೊಳ್ಳುವವರಿಗೆ, ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಓನರ್‌ನ ಪ್ಯಾನ್ ಬೇಕು. ಕೆಲವರು ಕೊಡುವುದಿಲ್ಲ. ಟೋಕನ್ ಕೊಟ್ಟ ಮೇಲೆ ಕೇಳಿದರೆ ಜಗಳ, ಮೊದಲೇ ಕೇಳಿದರೆ ಬರೀ ಮಾತು.

ಟೋಕನ್ ಅಂದ ಕೂಡಲೇ ನೆನಪಾಯಿತು. ಊರಲ್ಲಿ ಕೂತು ಮನೆ ಹುಡುಕುವವರನ್ನೇ ಕಾಯುವ ಕಳ್ಳರಿದ್ದಾರೆ. ಚೆಂದದ ಮನೆ, ಬಾಡಿಗೆ ಆಶ್ಚರ್ಯ ಆಗುವಷ್ಟು ಕಡಿಮೆ. ಫೋನ್ ಮಾಡಿದರೆ "ನಾನು ಮಿಲಿಟರಿಯಲ್ಲಿ ಇದ್ದೇನೆ, ಬೇರೆ ಊರಿಗೆ ಟ್ರಾನ್ಸ್‌ಫರ್ ಆಗಿದೆ, ಮನೆ ನೋಡಲು ಗೇಟ್ ಪಾಸ್‌ಗೆ ಸ್ವಲ್ಪ ದುಡ್ಡು ಹಾಕಿ, ವಾಪಸ್ ಬರುತ್ತೆ" ಅಂತ. ಐಡಿ ಕಾರ್ಡ್ ಫೋಟೋ ಕೂಡ ಕಳಿಸುತ್ತಾರೆ. ಬಾಗಿಲು ತೆಗೆದು ಒಳಗೆ ಕಾಲಿಡದೆ ಒಂದು ರೂಪಾಯಿಯೂ ಕಳಿಸಬೇಡ ಅಂತ ಮಗನಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಭೋಗ್ಯದ ಆಸೆಯೂ ಅವನಿಗೆ ಬಂದಿತ್ತು. ಇಲ್ಲಿ ಎಲ್ಲರೂ ಲೀಸ್ ಅನ್ನುತ್ತಾರೆ. ಹತ್ತು ಹದಿನೈದು ಲಕ್ಷ ಒಟ್ಟಿಗೆ ಕೊಟ್ಟು ಎರಡು ಮೂರು ವರ್ಷ ಬಾಡಿಗೆ ಇಲ್ಲದೆ ಇದ್ದು, ಬಿಡುವಾಗ ಅಷ್ಟೂ ದುಡ್ಡು ವಾಪಸ್. ಕೇಳಲು ಹಿತವಾಗಿದೆ. ಆದರೆ ಆ ಮನೆ ಮೇಲೆ ಬ್ಯಾಂಕ್ ಸಾಲ ಇದ್ದು, ಓನರ್ ಕಂತು ಕಟ್ಟದಿದ್ದರೆ ಒಂದು ದಿನ ಬಾಗಿಲಿಗೆ ನೋಟಿಸ್ ಅಂಟುತ್ತದೆ. ಬ್ಯಾಂಕಿಗೆ ನಿಮ್ಮ ಹದಿನೈದು ಲಕ್ಷದ ಲೆಕ್ಕ ಬೇಡ. ಇನ್ನು ಕೆಲವು ಮಧ್ಯವರ್ತಿಗಳು ಓನರ್ ಹತ್ತಿರ ತಿಂಗಳ ಬಾಡಿಗೆಗೆ ಮನೆ ತಗೊಂಡು, ನಿಮಗೆ ಲೀಸ್‌ಗೆ ಕೊಟ್ಟು, ದುಡ್ಡು ಎತ್ತಿಕೊಂಡು ಮಾಯವಾಗುತ್ತಾರೆ. ಓನರ್‌ಗೆ ನೀವು ಯಾರೆಂದೇ ಗೊತ್ತಿರುವುದಿಲ್ಲ. ಲೀಸ್‌ಗೆ ಹೋಗಲೇಬೇಕಾದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಮನೆ ಮೇಲಿನ ಋಣಭಾರದ ಪತ್ರ) ತೆಗೆಸಿ, ಖುದ್ದು ಓನರ್ ಜೊತೆಗೇ ಕರಾರು ಮಾಡಿಕೊಂಡು ನೋಂದಣಿ ಮಾಡಿಸಿ. ಇಸಿಯಲ್ಲಿ ಎಲ್ಲ ಸಾಲವೂ ಕಾಣುತ್ತದೆ ಅಂತಲೂ ಇಲ್ಲ, ಮೂಲ ಪತ್ರ ತೋರಿಸಿ ಅಂತ ಕೇಳಿ. ನನ್ನನ್ನು ಕೇಳಿದರೆ, ಹೊಸದಾಗಿ ಸಂಸಾರ ಶುರು ಮಾಡುವವರಿಗೆ ಈ ತಲೆನೋವು ಬೇಡ.

ಆಮೇಲೆ ಊಟದ ವಿಷಯ. ನಾವು ಮೀನು ತಿನ್ನುವವರು. ಬೆಂಗಳೂರಿನ ಎಷ್ಟೋ ಓನರ್‌ಗಳು ಬಾಡಿಗೆ ಹೇಳುವ ಮೊದಲು "ನಿಮ್ದು ಪ್ಯೂರ್ ವೆಜ್ ತಾನೇ?" ಅನ್ನುತ್ತಾರೆ. ಕೆಲವರು ನೇರವಾಗಿ "ನೀವು ಯಾವ ಜನ?" ಅಂತಲೇ ಕೇಳುತ್ತಾರೆ. ಹೆಸರು ಕೇಳಿದ ಕೂಡಲೇ "ಅಯ್ಯೋ, ನಿನ್ನೆಯೇ ಬೇರೆಯವರಿಗೆ ಹೇಳಿಬಿಟ್ವಿ" ಅನ್ನಿಸಿಕೊಂಡ ಮುಸ್ಲಿಂ ಗೆಳತಿಯರು ನನಗಿದ್ದಾರೆ. ಬೋರ್ಡ್ ಮಾತ್ರ ಇನ್ನೂ ಗೇಟಿನಲ್ಲೇ ತೂಗುತ್ತಿರುತ್ತದೆ. ನನಗೆ ಇದು ಸಿಟ್ಟು ಬರಿಸುತ್ತದೆ. ಆದರೂ ಮಗನಿಗೆ ಹೇಳಿದ್ದು ಇಷ್ಟೇ: ಮೀನು ತಿನ್ನುತ್ತೇವೆ ಅಂತ ಫೋನಿನಲ್ಲೇ ಹೇಳಿಬಿಡು. ಸುಳ್ಳು ಹೇಳಿ ಒಳಗೆ ಸೇರಿ, ಕಿಟಕಿ ಮುಚ್ಚಿಕೊಂಡು ಬಂಗುಡೆ ಹುರಿಯುವ ಬಾಳು ಯಾರಿಗೆ ಬೇಕು? ಹೇಳಿದ ಮೇಲೂ "ಬನ್ನಿ" ಅನ್ನುವ ಓನರ್ ಬೇರೆ ವಿಷಯಕ್ಕೂ ಸಲೀಸಾಗಿ ಇರುತ್ತಾರೆ. ಅಡುಗೆಮನೆಗೆ ಹೊಂದಿಕೊಂಡು ಯುಟಿಲಿಟಿ, ಅಂದರೆ ಪಾತ್ರೆ ಬಟ್ಟೆ ತೊಳೆಯುವ ಜಾಗ, ಇದೆಯಾ ಅಂತಲೂ ನೋಡು, ಮೀನು ತೊಳೆಯಲು ಜಾಗ ಬೇಕಲ್ಲ.

ಓನರ್ ಅದೇ ಕಟ್ಟಡದಲ್ಲಿ ಇದ್ದರೆ ಒಳ್ಳೆಯದಾ ಕೆಟ್ಟದ್ದಾ ಅಂತ ತುಂಬ ಜನ ಕೇಳುತ್ತಾರೆ. ಮೋಟರ್ ಕೆಟ್ಟರೆ ಬೇಗ ರಿಪೇರಿ ಆಗುತ್ತದೆ. ನಿಮ್ಮ ಮನೆಗೆ ಯಾರು ಬಂದರು, ಎಷ್ಟು ದಿನ ಇದ್ದರು ಅನ್ನುವ ಲೆಕ್ಕವೂ ಆಗುತ್ತದೆ. ಊರಿಂದ ಜನ ಬಂದು ಹೋಗುವ ನಮ್ಮಂಥ ಮನೆಯವರು ಇದನ್ನು ಖಾಲಿ ಮಾಡುವವರ ಹತ್ತಿರ ಕೇಳಿಯೇ ತೀರಬೇಕು. "ನೆಂಟರು ಬಂದ್ರೆ ಏನಾದ್ರೂ ಅಂತಾರಾ?" ಅಂದರೆ ಉತ್ತರ ಬಾಯಿಗಿಂತ ಮೊದಲು ಮುಖದಲ್ಲಿ ಬರುತ್ತದೆ.

ದೂರದ ಲೆಕ್ಕ. "ಮೆಟ್ರೋಗೆ ಹತ್ತು ನಿಮಿಷ" ಅಂತ ಜಾಹೀರಾತಿನಲ್ಲಿ ಇದ್ದರೆ ಅದು ಭಾನುವಾರ ಬೆಳಿಗ್ಗೆ ಬೈಕಿನಲ್ಲಿ. ಸೋಮವಾರ ಒಂಬತ್ತಕ್ಕೆ ಮನೆ ಬಾಗಿಲಿಂದ ಸ್ಟೇಷನ್ನಿಗೆ ನಡೆದು ನೋಡಿ. ಫುಟ್‌ಪಾತ್ ಇದೆಯಾ, ದಾಟುವ ಜಾಗ ಇದೆಯಾ ಅಂತ ಗೊತ್ತಾಗುತ್ತದೆ. 2023ರ ಅಕ್ಟೋಬರ್‌ನಲ್ಲಿ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್ ತನಕ ಪೂರ್ತಿ ತೆರೆದ ಮೇಲೆ, ನಮ್ಮ ಕಡೆ ಇದ್ದುಕೊಂಡು ಅತ್ತಿಗುಪ್ಪೆಯಲ್ಲಿ ರೈಲು ಹತ್ತಿ ಅಲ್ಲಿಗೆ ಕೆಲಸಕ್ಕೆ ಹೋಗಬಹುದು. ಒಂದು ಗಂಟೆಗಿಂತ ಜಾಸ್ತಿಯೇ ಬೇಕು, ಆದರೆ ಹೊತ್ತು ಖಚಿತ. 2025ರ ಫೆಬ್ರವರಿಯಲ್ಲಿ ದರ ಏರಿ, ಅತಿ ಹೆಚ್ಚಿನ ಟಿಕೆಟ್ 60ರಿಂದ 90 ರೂಪಾಯಿಗೆ ಹೋಯಿತು. ಗಂಡ ಹೆಂಡತಿ ಇಬ್ಬರೂ ಓಡಾಡಿದರೆ ತಿಂಗಳಿಗೆ ಎಷ್ಟಾಗುತ್ತದೆ ಅಂತ ಬಾಡಿಗೆಗೆ ಸೇರಿಸಿಯೇ ಹೋಲಿಸಿ. ನನಗೆ ಅವರು ಹತ್ತಿರ ಇದ್ದರೆ ಇಷ್ಟ, ಅದು ಬೇರೆ ಮಾತು.

ಮನೆ ಹುಡುಕುವ ಕಾಲವೂ ಮುಖ್ಯ. ಮೇ, ಜೂನ್‌ನಲ್ಲಿ ಸ್ಕೂಲ್ ಶುರುವಾಗುವ ಗಡಿಬಿಡಿ, ಓನರ್‌ಗಳ ಕೈ ಮೇಲೆ. ಆಷಾಢದಲ್ಲಿ ತುಂಬ ಜನ ಮನೆ ಬದಲಿಸುವುದಿಲ್ಲ, ಹಾಲು ಉಕ್ಕಿಸುವುದಿಲ್ಲ. ಬೋರ್ಡ್ ಹಾಗೇ ತೂಗಾಡುತ್ತಿರುತ್ತದೆ. ನಂಬಿಕೆ ಇಲ್ಲದವರಿಗೆ ಚೌಕಾಸಿಗೆ ಅದಕ್ಕಿಂತ ಒಳ್ಳೆ ತಿಂಗಳಿಲ್ಲ. ನಂಬಿಕೆ ಇರುವವರೂ ಆಷಾಢದಲ್ಲಿ ಮಾತು ಮುಗಿಸಿ ಶ್ರಾವಣದಲ್ಲಿ ಹಾಲು ಉಕ್ಕಿಸಬಹುದು. ಮಳೆಗಾಲವಾದ್ದರಿಂದ ಗೋಡೆ ಒದ್ದೆ, ಸೂರು ಸೋರಿಕೆ ಎಲ್ಲ ಆಗಲೇ ಕಾಣಿಸುವುದು ಇನ್ನೊಂದು ಲಾಭ.

ಮನೆ ಒಪ್ಪಿಗೆಯಾಗಿ ಕೀ ಕೈಗೆ ಬಂದ ದಿನ, ಸಾಮಾನು ಇಳಿಸುವ ಮೊದಲು ಪ್ರತಿ ರೂಮಿನ ವಿಡಿಯೋ ಮಾಡಿಕೊಳ್ಳಿ. ಊದಿದ ಬಾಗಿಲು, ಒಡೆದ ಟೈಲ್ಸ್, ಗೋಡೆಯ ಮೊಳೆ ತೂತು ಎಲ್ಲ. ಅವತ್ತೇ ಓನರ್‌ಗೆ ವಾಟ್ಸಾಪ್ ಮಾಡಿ, ಜೊತೆಗೆ ಮೀಟರ್ ರೀಡಿಂಗ್ ಫೋಟೋ. ಬಾಗಿಲಿನ ಬೀಗ ಬದಲಿಸಿ. ಹಿಂದೆ ಇದ್ದವರ ಹತ್ತಿರ, ಅವರ ಕೆಲಸದವರ ಹತ್ತಿರ, ಬ್ರೋಕರ್ ಹತ್ತಿರ ಎಲ್ಲೆಲ್ಲಿ ಕೀ ಉಳಿದಿದೆಯೋ. ಓನರ್‌ಗೆ ಹೇಳಿಯೇ ಬದಲಿಸಿ, ಹಳೇ ಬೀಗವನ್ನು ಎತ್ತಿಟ್ಟುಕೊಂಡಿದ್ದು ಬಿಡುವಾಗ ಮತ್ತೆ ಹಾಕಿಕೊಡಿ. ಇಲ್ಲದಿದ್ದರೆ ಅದಕ್ಕೂ ಅಡ್ವಾನ್ಸ್‌ನಲ್ಲಿ ಹಿಡಿಯುತ್ತಾರೆ.